ನಾಯಿಯ ನಾಲಿಗೆ ಮತ್ತು ಒದ್ದೆ ಬಟ್ಟೆಯ ತಾಪಮಾಪಕ

ಅಮೆರಿಕದಲ್ಲೋ ಕೆನಡಾದಲ್ಲೋ ನೆಲೆಸಿದ ಮಕ್ಕಳ ಮನೆಗೆ ಡಿಸೆಂಬರಿನಲ್ಲಿ ಹೋಗಿ ಬಂದ ಉಡುಪಿ ಕಡೆಯ ತಂದೆತಾಯಂದಿರು ಒಂದು ಸಂಗತಿಯನ್ನು ಹೇಳುವುದುಂಟು. ಹೊರಗೆ ಹಿಮ, ಮನೆಯೊಳಗೆ ಹೀಟರಿನ ಬೆಚ್ಚನೆಯ ಗಾಳಿ. ಆದರೆ ತುಟಿ ಒಡೆಯುತ್ತದೆ, ಗಂಟಲು ಒಣಗುತ್ತದೆ. ಸಾಕಿದ ನಾಯಿಗೂ ಇದೇ ಕಷ್ಟ. ಅದರ ಮೂಗಿನ ತುದಿ ಒರಟಾಗುತ್ತದೆ, ಚರ್ಮದಿಂದ ಹೊಟ್ಟು ಉದುರುತ್ತದೆ, ತುರಿಕೆ ಶುರುವಾಗುತ್ತದೆ. ಬೆಕ್ಕಿನ ಬೆನ್ನು ಸವರಿದರೆ ಚಿಟಿಲ್ಲೆಂದು ಸ್ಥಾಯೀ ವಿದ್ಯುತ್ ತಾಗುತ್ತದೆ.

ಹೀಟರು ಗಾಳಿಯಲ್ಲಿರುವ ನೀರನ್ನು ಸುಟ್ಟುಹಾಕುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಗಾಳಿ ಬೆಚ್ಚಗಾದಷ್ಟೂ ಅದರಲ್ಲಿ ಹೆಚ್ಚು ನೀರಾವಿ ಇರಬಲ್ಲದು. ಒಂದು ಘನ ಮೀಟರ್ ಗಾಳಿಯಲ್ಲಿ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚೆಂದರೆ ಸುಮಾರು 5 ಗ್ರಾಂ, 20 ಡಿಗ್ರಿಯಲ್ಲಿ 17 ಗ್ರಾಂ, 30 ಡಿಗ್ರಿಯಲ್ಲಿ 30 ಗ್ರಾಂ ನೀರಾವಿ ಇರಬಹುದು. ಹೊರಗಿನ 0 ಡಿಗ್ರಿಯ ಗಾಳಿಯನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ ನೀರು ಅಷ್ಟೇ ಉಳಿಯುತ್ತದೆ, ಆದರೆ ಗಾಳಿಯ ಸಾಮರ್ಥ್ಯ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಆಗ ಸಾಪೇಕ್ಷ ಆರ್ದ್ರತೆ ಶೇಕಡಾ 30ಕ್ಕಿಂತಲೂ ಕೆಳಗಿಳಿಯುತ್ತದೆ. ಬಾಯಾರಿದ ಆ ಗಾಳಿ ಚರ್ಮದಿಂದ, ಮೂಗಿನಿಂದ, ಕಣ್ಣಿನಿಂದ ನೀರನ್ನು ಹೀರಿಕೊಳ್ಳುತ್ತದೆ.

ಕರಾವಳಿಯ ಲೆಕ್ಕ ಇದಕ್ಕೆ ತಿರುವುಮುರುವು. ಮೇ ತಿಂಗಳ ಒಂದು ಸಂಜೆ ಕಾಪುವಿನ ಕಡಲ ತೀರದಲ್ಲಿ 30 ಡಿಗ್ರಿ ಉಷ್ಣತೆ, ಶೇಕಡಾ 80 ಆರ್ದ್ರತೆ ಇದೆ ಎಂದುಕೊಳ್ಳೋಣ. ಒಂದು ಘನ ಮೀಟರ್ ಗಾಳಿಯಲ್ಲಿ ಆಗ 24 ಗ್ರಾಂ ನೀರಿರುತ್ತದೆ. ಈ ಸೆಕೆಯಲ್ಲಿ ಮನುಷ್ಯನಾದರೋ ಮೈಯಿಡೀ ಬೆವರುತ್ತಾನೆ. ನಾಯಿಗೆ ಆ ಅನುಕೂಲವಿಲ್ಲ. ಅದು ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲಿ, ಅದೂ ಸ್ವಲ್ಪವೇ. ಆದ್ದರಿಂದ ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತದೆ. ನಾಲಿಗೆ ಮತ್ತು ಶ್ವಾಸನಾಳದ ಒದ್ದೆಯಿಂದ ಒಂದು ಗ್ರಾಂ ನೀರು ಆವಿಯಾದರೆ ಸುಮಾರು 580 ಕ್ಯಾಲೊರಿ ಶಾಖ ದೇಹದಿಂದ ಹೋಗುತ್ತದೆ. ಆದರೆ ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ನಾಲಿಗೆಯ ನೀರು ಸುಲಭವಾಗಿ ಆವಿಯಾಗುವುದಿಲ್ಲ. ನಾಯಿ ಎಷ್ಟು ಏದಿದರೂ ಮೈ ತಣಿಯುವುದಿಲ್ಲ.

ಇದನ್ನು ವಿದ್ಯಾರ್ಥಿಗಳು ಶಾಲೆಯ ಪ್ರಯೋಗಶಾಲೆಯಲ್ಲೇ ನೋಡಬಹುದು. ಎರಡು ತಾಪಮಾಪಕಗಳನ್ನು ಅಕ್ಕಪಕ್ಕ ತೂಗುಹಾಕಿ, ಒಂದರ ಬುರುಡೆಗೆ ತೆಳು ಹತ್ತಿ ಬಟ್ಟೆ ಸುತ್ತಿ ನೀರಿನಲ್ಲಿ ನೆನೆಸಿ, ಬೀಸಣಿಗೆಯಿಂದ ಗಾಳಿ ಹಾಕಬೇಕು. 30 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆ ಶೇಕಡಾ 40 ಇದ್ದರೆ ಒದ್ದೆ ಬಟ್ಟೆಯ ತಾಪಮಾಪಕ ಸುಮಾರು 20 ಡಿಗ್ರಿಗೆ ಇಳಿಯುತ್ತದೆ. ಆರ್ದ್ರತೆ ಶೇಕಡಾ 80 ಇದ್ದರೆ 27ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ಒದ್ದೆ ಬಟ್ಟೆಯೇ ನಾಯಿಯ ನಾಲಿಗೆ ಎಂದು ತಿಳಿಯಿರಿ. ಎರಡರ ಅಂತರ ಕಡಿಮೆಯಾದಷ್ಟೂ ನಾಯಿಯ ಪಾಡು ಕಷ್ಟ.

ಈಚೆಗೆ ಮಣಿಪಾಲ, ಉಡುಪಿಯ ಫ್ಲಾಟುಗಳಲ್ಲೂ ಸೈಬೀರಿಯದ ಹಸ್ಕಿ, ಆಲ್ಪ್ಸ್ ಪರ್ವತದ ಸೈಂಟ್ ಬರ್ನಾರ್ಡ್‌ನಂಥ ನಾಯಿಗಳನ್ನು ಸಾಕುವ ಆಸೆ ಹುಟ್ಟಿದೆ. ಹಿಮದ ನಾಡಿಗೆಂದು ಬಂದ ದಪ್ಪ ಕೂದಲು ಅವಕ್ಕೆ ಇಲ್ಲಿ ಕಂಬಳಿ ಹೊದಿಸಿದಂತೆ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಏದುವುದೇ ತ್ರಾಸ. ಎ.ಸಿ. ಇದೆಯಲ್ಲ ಎಂಬ ಧೈರ್ಯ ಸಾಲದು. ಎ.ಸಿ. ಗಾಳಿಯನ್ನು ತಣಿಸುವುದರ ಜೊತೆಗೆ ಅದರಲ್ಲಿರುವ ನೀರನ್ನೂ ತೆಗೆಯುತ್ತದೆ. ಹೊರಗಿನ ಪೈಪಿನಿಂದ ತೊಟ್ಟಿಕ್ಕುವುದು ಅದೇ ನೀರು. ಹೀಟರಿನ ಮನೆಯಷ್ಟು ಒಣ ಅಲ್ಲದಿದ್ದರೂ ದಿನವಿಡೀ ಆ ಗಾಳಿಗೆ ನೇರವಾಗಿ ಮಲಗಿದ ನಾಯಿಯ ಕಣ್ಣು, ಮೂಗು ಒಣಗಬಹುದು. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಮುಚ್ಚಿದ ಕೋಣೆಯಲ್ಲಿ ನಾಯಿ ಒಂದೇ ಇರುವಾಗ ಕರೆಂಟು ಹೋಗುವುದು.

ನಾಯಿಯ ಸಹಜ ಉಷ್ಣತೆ 38ರಿಂದ 39 ಡಿಗ್ರಿಯಷ್ಟು. ಸೆಕೆಯಿಂದ ಅದು 41 ಡಿಗ್ರಿ ದಾಟಿದರೆ ಮಿದುಳು, ಮೂತ್ರಪಿಂಡಗಳಿಗೆ ಹಾನಿಯಾಗಿ ಜೀವವೇ ಹೋಗಬಹುದು. ನಿಲ್ಲದ ಏದುಸಿರು, ದಪ್ಪ ಜೊಲ್ಲು, ಕೆಂಪೇರಿದ ವಸಡು, ತೂರಾಡುವ ನಡಿಗೆ, ಇವು ಮುನ್ಸೂಚನೆಗಳು. ಕೂಡಲೇ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಫ್ಯಾನಿನ ಗಾಳಿ ಬಿಡಬೇಕು. ಒದ್ದೆ ಬಟ್ಟೆ ಹೊದಿಸಿ ಮುಚ್ಚಬಾರದು, ಅದು ಶಾಖವನ್ನು ಒಳಗೇ ಹಿಡಿಯುತ್ತದೆ. ಬಲವಂತವಾಗಿ ನೀರು ಕುಡಿಸಬಾರದು. ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ 10 ನಿಮಿಷಕ್ಕೇ ಉಷ್ಣತೆ ಸುಮಾರು 10 ಡಿಗ್ರಿ ಏರಬಹುದು. "ಈಗ ಬಂದೆ" ಎಂದು ನಾಯಿಯನ್ನು ಅದರಲ್ಲಿ ಬಿಟ್ಟು ಹೋಗಲೇಬಾರದು.

ಹಾಗಾದರೆ ಕರಾವಳಿಯಲ್ಲಿ ಒಣ ಗಾಳಿಯೇ ಇಲ್ಲವೆ? ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಘಟ್ಟದ ಕಡೆಯಿಂದ ಮೂಡುಗಾಳಿ ಬೀಸುತ್ತದೆ. ಘಟ್ಟದ ಬುಡದ ಕಾರ್ಕಳದಲ್ಲಿ ಇದರ ಅನುಭವ ಕಾಪುವಿಗಿಂತ ಹೆಚ್ಚು. ಆ ವಾರಗಳಲ್ಲಿ ನಾಯಿಗೆ ಪದೇ ಪದೇ ಸ್ನಾನ ಮಾಡಿಸಿ, ಮನುಷ್ಯರ ಸಾಬೂನು ಹಚ್ಚಿದರೆ ಚರ್ಮದ ಎಣ್ಣೆಯಂಶ ಹೋಗಿ ತುರಿಕೆ ಹೆಚ್ಚುತ್ತದೆ. ಹಳ್ಳಿಮನೆಯ ಬೆಕ್ಕಿಗೆ ಆಗ ಬಚ್ಚಲೊಲೆಯ ಬೂದಿಯೇ ಹೀಟರು. ಒಲೆ ಹಚ್ಚುವ ಮೊದಲು ಬೆಕ್ಕು ಒಳಗಿದೆಯೇ ಎಂದು ಬಗ್ಗಿ ನೋಡುವುದು ಒಳ್ಳೆಯದು.

ಆದರೆ ಎಲ್ಲ ತುರಿಕೆಗೂ ಗಾಳಿಯನ್ನೇ ದೂರಬಾರದು. ಉಣ್ಣಿ, ಚಿಗಟ, ಮಳೆಗಾಲದಲ್ಲಿ ಒದ್ದೆ ಕೂದಲಿಗೆ ಹಿಡಿಯುವ ಶಿಲೀಂಧ್ರ ಕರಾವಳಿಯಲ್ಲಿ ಸಾಮಾನ್ಯ. ಮೊದಲು ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ಹುಡುಕಬೇಕು.

ನಾಯಿಮರಿ ಬೇಕೆಂದು ಮಕ್ಕಳು ಹಟ ಹಿಡಿದರೆ ಬೆಲೆ ಕೇಳುವ ಮೊದಲು ಮನೆಯ ಜಗಲಿಯಲ್ಲಿ ಆ ಎರಡು ತಾಪಮಾಪಕಗಳನ್ನು ತೂಗುಹಾಕಿ ಒಂದು ವಾರ ಅಂಕಿಗಳನ್ನು ಬರೆದಿಡಲು ಹೇಳಿ. ಯಾವ ನಾಯಿ ಈ ಮನೆಯಲ್ಲಿ ಸುಖವಾಗಿ ಬಾಳಬಲ್ಲದು ಎಂಬುದನ್ನು ಮಕ್ಕಳೇ ಹೇಳಿಯಾರು. ಬೀದಿಯಲ್ಲಿ ಹುಟ್ಟಿದ, ಸಣ್ಣ ಕೂದಲಿನ ಊರ ನಾಯಿಮರಿಯೇ ಆ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರೆ ಆಶ್ಚರ್ಯವಿಲ್ಲ.