ಟ್ರಿಪ್ ಪೋಲಿಗೆ ಇನ್ನೊಂದು ಪ್ರಶ್ನೆ ಸೇರಿಸೋಣ

ಸೆಮಿಸ್ಟರ್ ಪರೀಕ್ಷೆ ಮುಗಿಯೋ ಮುಂಚೆಯೇ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಟ್ರಿಪ್ ಪೋಲ್ ಶುರುವಾಗಿಬಿಡುತ್ತೆ. ಮೊದಲೆಲ್ಲ ಗೋಕರ್ಣ, ಚಿಕ್ಕಮಗಳೂರು, ಹೆಚ್ಚು ಅಂದ್ರೆ ಗೋವಾ. ಈಗ ಬ್ಯಾಂಕಾಕ್, ಬಾಲಿ, ಕೌಲಾಲಂಪುರ, ದುಬೈ ಕೂಡ ಪೋಲಿಗೆ ಬಂದಿವೆ. 2023ರ ಕೊನೆಯಲ್ಲಿ ಥಾಯ್ಲೆಂಡ್ ಮತ್ತು ಮಲೇಷ್ಯಾ ಭಾರತೀಯ ಪ್ರವಾಸಿಗಳಿಗೆ ವೀಸಾ ಬೇಡ ಅಂದ ಮೇಲಂತೂ, ಇಂಟರ್ನ್‌ಶಿಪ್ ದುಡ್ಡು ಕೂಡಿಟ್ಟ ಸೀನಿಯರ್‌ಗಳಿಗೆ ಅದು ದೊಡ್ಡ ಕನಸೇನೂ ಅಲ್ಲ. ಪೋಲ್ ಹಾಕುವಾಗ ನಾವು ನೋಡೋದು ಮೂರೇ ವಿಷಯ: ಟಿಕೆಟ್ ರೇಟ್ ಎಷ್ಟು, ವೀಸಾ ಬೇಕಾ, ವೆಜ್ ಊಟ ಸಿಗುತ್ತಾ.

ನಾಲ್ಕನೇ ಪ್ರಶ್ನೆ ಒಂದಿದೆ ಅಂತ ನಾವು ಹೇಳ್ತೀವಿ. ನಮ್ಮ ಗುಂಪಿನಲ್ಲಿ ಯಾರಾದರೂ ಗೇ ಅಥವಾ ಲೆಸ್ಬಿಯನ್ ಇದ್ದರೆ, ಆ ದೇಶದ ಕಾನೂನು ಅವರನ್ನು ಏನಂತ ನೋಡುತ್ತೆ?

ನಮ್ಮದು ಆರು ಜನರ ಗುಂಪು. ಬರೆಯೋ ಕೈ ಒಂದು, ಮಾತು ಆರೂ ಜನರದ್ದು. ನಮ್ಮಲ್ಲಿ ಕೆಲವರು ಸಲಿಂಗಿಗಳು, ಕೆಲವರು ಅಲ್ಲ. ಯಾರು ಯಾರು ಅಂತ ಇಲ್ಲಿ ಹೇಳಲ್ಲ, ದಯವಿಟ್ಟು ಹುಡುಕೋಕೂ ಹೋಗಬೇಡಿ. ಆ ಪ್ರಶ್ನೆಗೆ ಉತ್ತರ ಕೊಡದೆಯೇ ಒಟ್ಟಿಗೆ ಪ್ರಯಾಣ ಮಾಡೋದು ಹೇಗೆ ಅನ್ನೋದೇ ಈ ಲೇಖನದ ವಿಷಯ.

ಮೊದಲು ಕಾನೂನು ನೋಡೋಣ. ಪ್ರಪಂಚದಲ್ಲಿ ಇವತ್ತಿಗೂ 60ಕ್ಕೂ ಹೆಚ್ಚು ದೇಶಗಳಲ್ಲಿ ಸಲಿಂಗ ಸಂಬಂಧ ಅಪರಾಧ. ಎಲ್ಲೋ ದೂರದ ದೇಶಗಳು ಅಂದುಕೊಳ್ಳಬೇಡಿ, ನಮ್ಮ ಪೋಲಿನಲ್ಲೇ ಇವೆ. ಮಲೇಷ್ಯಾದ ದಂಡಸಂಹಿತೆಯಲ್ಲಿ ಇದಕ್ಕೆ 20 ವರ್ಷದವರೆಗೆ ಜೈಲು. ಸೆಕ್ಷನ್ ನಂಬರ್ 377ಎ ಮತ್ತು 377ಬಿ. ನಂಬರ್ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮದೇ ಸೆಕ್ಷನ್ 377. ಬ್ರಿಟಿಷರು 1860ರಲ್ಲಿ ಭಾರತಕ್ಕೆ ಮಾಡಿದ ದಂಡಸಂಹಿತೆ, ಅವರ ಬೇರೆ ವಸಾಹತುಗಳಿಗೆ ಹೆಚ್ಚುಕಡಿಮೆ ಕಾಪಿ-ಪೇಸ್ಟ್ ಆಯ್ತು. ಪಾಕಿಸ್ತಾನ, ಬಾಂಗ್ಲಾದೇಶ, ಮ್ಯಾನ್ಮಾರ್‌ಗಳಲ್ಲಿ ನಂಬರ್ ಕೂಡ ಬದಲಾಗಿಲ್ಲ. ಸಿಂಗಪುರ ತನ್ನ 377ಎ ತೆಗೆದುಹಾಕಿದ್ದು 2022ರಲ್ಲಿ. ಶ್ರೀಲಂಕಾದಲ್ಲಿ ಅದು 365 ಮತ್ತು 365ಎ ಅನ್ನೋ ಹೆಸರಲ್ಲಿ ಇನ್ನೂ ಇದೆ.

ಮಲೇಷ್ಯಾದ ಇನ್ನೊಂದು ಕಥೆ ಕೇಳಿ. 2023ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಒಂದು ಸ್ವಿಸ್ ಕಂಪನಿಯ 172 ವಾಚುಗಳನ್ನು ಅಂಗಡಿಗಳಿಂದ ಜಪ್ತಿ ಮಾಡಿತು. ವಾಚುಗಳ ತಪ್ಪು ಏನಪ್ಪಾ ಅಂದ್ರೆ ಅವು ಕಾಮನಬಿಲ್ಲಿನ ಬಣ್ಣದಲ್ಲಿದ್ದವು. ಅದೇ ಆಗಸ್ಟಿನಲ್ಲಿ, ಅಂಥ ವಾಚ್ ಕಟ್ಟಿಕೊಂಡರೂ ಇಟ್ಟುಕೊಂಡರೂ 3 ವರ್ಷದವರೆಗೆ ಜೈಲು ಅಂತ ಘೋಷಣೆ ಆಯ್ತು. ಆಮೇಲೆ 2024ರಲ್ಲಿ ಕೋರ್ಟು ವಾಚುಗಳನ್ನು ಕಂಪನಿಗೆ ವಾಪಸ್ ಕೊಡಿ ಅಂತು, ಅದು ಬೇರೆ ಮಾತು. ನಮ್ಮಲ್ಲಿ ಎಷ್ಟು ಜನರ ಲ್ಯಾಪ್‌ಟಾಪಿನ ಮೇಲೆ ಆ ಬಣ್ಣದ ಸ್ಟಿಕ್ಕರ್ ಇದೆ, ಬ್ಯಾಗಿಗೆ ಬ್ಯಾಡ್ಜ್ ಇದೆ, ಒಂದು ಸಲ ಯೋಚಿಸಿ.

ಇನ್ನು ಥಾಯ್ಲೆಂಡ್. 2025ರ ಜನವರಿ 23ರಿಂದ ಅಲ್ಲಿ ಸಲಿಂಗ ಮದುವೆ ಕಾನೂನುಬದ್ಧ, ಆಗ್ನೇಯ ಏಷ್ಯಾದಲ್ಲಿ ಮೊದಲ ದೇಶ. ಹೊರದೇಶದವರೂ ಅಲ್ಲಿ ಮದುವೆ ನೋಂದಣಿ ಮಾಡಿಸಬಹುದು. ಆದರೆ ಬ್ಯಾಂಕಾಕಿನಲ್ಲಿ ಹೆಂಡತಿ-ಹೆಂಡತಿ ಆದವರು ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಇಳಿದ ಕೂಡಲೇ ಮತ್ತೆ ಬರೀ ಫ್ರೆಂಡ್ಸ್. ಕೌಲಾಲಂಪುರದಿಂದ ಬ್ಯಾಂಕಾಕಿಗೆ ವಿಮಾನದಲ್ಲಿ ಸುಮಾರು ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಒಬ್ಬ ಮನುಷ್ಯ ಅಪರಾಧಿಯಿಂದ ಮದುಮಗ ಆಗಬಹುದು. ಎರಡನ್ನೂ ಒಂದೇ ಟ್ರಿಪ್ಪಿನಲ್ಲಿ ಸೇರಿಸೋ ನಮಗೆ ಇದು ಗೊತ್ತೇ ಇರಲ್ಲ.

ಉಳಿದವು ಬೇಗ ಹೇಳಿಬಿಡ್ತೀವಿ. ದುಬೈ ಮತ್ತು ಮಾಲ್ಡೀವ್ಸ್‌ನಲ್ಲಿ ಅಪರಾಧ. ಬಾಲಿ ಇರೋ ಇಂಡೋನೇಷ್ಯಾದಲ್ಲಿ ಆಚೆ ಪ್ರಾಂತ್ಯದಲ್ಲಿ ಛಡಿ ಏಟಿನ ಶಿಕ್ಷೆ ಇದೆ, ಮತ್ತು 2022ರ ಡಿಸೆಂಬರಿನಲ್ಲಿ ಪಾಸಾದ ಹೊಸ ದಂಡಸಂಹಿತೆ ಮದುವೆಯ ಹೊರಗಿನ ಲೈಂಗಿಕ ಸಂಬಂಧವನ್ನೇ ಅಪರಾಧ ಮಾಡಿದೆ, ಹುಡುಗ-ಹುಡುಗಿ ಜೋಡಿಗೂ ಸೇರಿ. ಅದರಲ್ಲಿ ದೂರು ಕೊಡೋ ಅಧಿಕಾರ ಇರೋದು ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳಿಗೆ ಮಾತ್ರ. ವಿಯೆಟ್ನಾಂನಲ್ಲಿ ಅಪರಾಧ ಅಲ್ಲ, ಮದುವೆಗೆ ಮಾನ್ಯತೆಯೂ ಇಲ್ಲ. ತೈವಾನ್‌ನಲ್ಲಿ 2019ರಿಂದ ಸಲಿಂಗ ಮದುವೆ ಇದೆ, ಏಷ್ಯಾದಲ್ಲೇ ಮೊದಲು. ನೇಪಾಳದಲ್ಲಿ 2007ರಲ್ಲೇ ಸುಪ್ರೀಂ ಕೋರ್ಟು ಪರವಾಗಿ ತೀರ್ಪು ಕೊಟ್ಟಿತ್ತು, ನಮಗೆ ವೀಸಾನೂ ಬೇಡ. ಅಗ್ಗದ ಟ್ರಿಪ್ ಬೇಕು ಅನ್ನೋರು ಅದನ್ನು ಯಾಕೆ ಪೋಲಿಗೆ ಹಾಕಲ್ಲ ಅನ್ನೋದೇ ನಮಗೆ ಆಶ್ಚರ್ಯ.

ಇಷ್ಟು ಹೇಳಿದಾಗ ಬರೋ ಮೊದಲ ಮಾತು ನಮಗೆ ಗೊತ್ತು. "ಲೋ, ಐದು ದಿನ ಸುಮ್ಮನೆ ಇದ್ದು ಬಂದ್ರೆ ಆಯ್ತಲ್ಲ, ಯಾರು ಬಂದು ಚೆಕ್ ಮಾಡ್ತಾರೆ?" ಒಪ್ಪಿಕೊಳ್ತೀವಿ, ಇದರಲ್ಲಿ ನಿಜ ಇದೆ. ಪ್ರವಾಸಿಗಳ ರೂಮಿಗೆ ಪೊಲೀಸರು ದಿನಾ ನುಗ್ಗಲ್ಲ. ಲಕ್ಷಾಂತರ ಜನ ಹೋಗ್ತಾರೆ, ಸೆಲ್ಫಿ ತಗೊಂಡು ಬರ್ತಾರೆ. ಆದರೆ ಇಂಥ ಕಾನೂನಿನ ಕಷ್ಟ ಗೊತ್ತಾಗೋದು ಬೇರೆ ಏನಾದರೂ ಎಡವಟ್ಟಾದಾಗ. ಪರ್ಸ್ ಕಳುವಾಯ್ತು, ಸ್ಟೇಷನ್ನಿಗೆ ಹೋಗಬೇಕು, ಯಾವ ರೂಮಲ್ಲಿ ಯಾರ ಜೊತೆ ಇದ್ರಿ ಅಂತ ಕೇಳ್ತಾರೆ. ಯಾರೋ ಬ್ಲ್ಯಾಕ್‌ಮೇಲ್ ಮಾಡ್ತಾನೆ, ಕಂಪ್ಲೇಂಟ್ ಕೊಟ್ಟರೆ ಕೊಟ್ಟವರೇ ಒಳಗೆ. ಈಜಿಪ್ಟಿನಲ್ಲಿ ಪೊಲೀಸರೇ ಡೇಟಿಂಗ್ ಆ್ಯಪಿನಲ್ಲಿ ಸುಳ್ಳು ಪ್ರೊಫೈಲ್ ಮಾಡಿ ಹಿಡಿದಿರೋ ಉದಾಹರಣೆಗಳಿವೆ. ಉಳಿದವರಿಗೆ ಪೊಲೀಸ್ ಅಂದ್ರೆ ಸಹಾಯ, ಒಬ್ಬರಿಗೆ ಮಾತ್ರ ಭಯ ಅನ್ನೋ ಹಾಗಿದ್ದರೆ, ಅದು ಗುಂಪಿನ ಟ್ರಿಪ್ ಹೇಗಾಗುತ್ತೆ?

ಇನ್ನೊಂದು ಮಾತೂ ಇದೆ. ಸುಮ್ಮನೆ ಇರೋದನ್ನ ಅವರು ವರ್ಷವಿಡೀ ಮಾಡ್ತಾನೇ ಇರ್ತಾರೆ. ಹಾಸ್ಟೆಲಲ್ಲಿ, ಮದುವೆ ಮನೆಗಳಲ್ಲಿ, ಲ್ಯಾಬ್ ಬೆಂಚಿನಲ್ಲಿ. ಸಾವಿರಾರು ರೂಪಾಯಿ ಕೊಟ್ಟು, ವಿಮಾನ ಹತ್ತಿ, ಅದೇ ಕೆಲಸವನ್ನ ಇನ್ನೂ ಜೋರಾಗಿ ಮಾಡೋಕೆ ಹೋಗಬೇಕಾ?

ಹಾಗಂತ ಆ ದೇಶಗಳನ್ನೆಲ್ಲ ಬಹಿಷ್ಕಾರ ಹಾಕಿ ಅಂತ ನಾವು ಹೇಳ್ತಿಲ್ಲ. ಕರಾವಳಿ ಕಡೆಯ ಎಷ್ಟೋ ಮನೆಗಳ ಅನ್ನ ಗಲ್ಫಿನಿಂದ ಬರುತ್ತೆ, ಅಲ್ಲಿರೋ ಅಣ್ಣನನ್ನು ನೋಡೋಕೆ ಹೋಗಬೇಡ ಅನ್ನೋಕೆ ನಾವ್ಯಾರು. ಮತ್ತೆ ಕಾಲರ್ ಎತ್ತಿಕೊಂಡು ಮಾತಾಡೋ ಹಾಗೆ ನಮ್ಮ ದೇಶವೂ ಇಲ್ಲ. ದೆಹಲಿ ಹೈಕೋರ್ಟು 2009ರಲ್ಲಿ 377ರ ಹಲ್ಲು ಕಿತ್ತಿತು, 2013ರಲ್ಲಿ ಸುಪ್ರೀಂ ಕೋರ್ಟು ಆ ಹಲ್ಲು ವಾಪಸ್ ಕೂರಿಸಿತು, 2018ರ ಸೆಪ್ಟೆಂಬರ್ 6ಕ್ಕೆ ಮತ್ತೆ ಕಿತ್ತಿತು. ಅಂದ್ರೆ ನಾವು ಮಿಡ್ಲ್ ಸ್ಕೂಲಿನಲ್ಲಿದ್ದಾಗಲೂ ಇಲ್ಲಿ ಅದು ಅಪರಾಧವೇ ಆಗಿತ್ತು. 2023ರ ಅಕ್ಟೋಬರಿನಲ್ಲಿ ಮದುವೆ ಹಕ್ಕು ಕೊಡೋಕೆ ಸುಪ್ರೀಂ ಕೋರ್ಟು ಒಪ್ಪಲಿಲ್ಲ.

ಇಂಟರ್ನೆಟ್ಟಿನಲ್ಲಿ ಸಲಿಂಗಿ ಪ್ರವಾಸಿಗಳಿಗೆ ಸಲಹೆ ಬೇಕಾದಷ್ಟಿದೆ. ಬ್ರಿಟನ್ ಮತ್ತು ಕೆನಡಾ ಸರ್ಕಾರಗಳು ತಮ್ಮ ಪ್ರಜೆಗಳಿಗೆ ಅಂತಲೇ ದೇಶವಾರು ಸಲಹೆಯಲ್ಲಿ ಇದಕ್ಕೊಂದು ಭಾಗ ಇಟ್ಟಿವೆ. ಓದಿ, ತುಂಬಾ ಉಪಯೋಗ ಇದೆ. ಆದರೆ ಅವು ಬರೆದಿರೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿರೋ, ಸ್ವಂತ ಸಂಪಾದನೆ ಇರೋ ಜೋಡಿಯನ್ನು ಕಣ್ಣ ಮುಂದೆ ಇಟ್ಟುಕೊಂಡು. ನಮಗೆ ಹೋಗೋ ದೇಶದ ಕಾನೂನು ಅರ್ಧ ತಲೆನೋವು, ಇನ್ನರ್ಧ ಮನೆ.

ಪಾಸ್‌ಪೋರ್ಟ್ ವೆರಿಫಿಕೇಶನ್ನಿಗೆ ಪೊಲೀಸರು ಬರೋದು ಮನೆಗೆ. ಯುರೋಪಿನ ಷೆಂಗೆನ್ ವೀಸಾಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು, ಉಳಿಯೋ ಜಾಗದ ಬುಕಿಂಗ್ ಬೇಕು, ಕನಿಷ್ಠ 30,000 ಯೂರೋ ಮೊತ್ತದ ಇನ್ಶೂರೆನ್ಸ್ ಬೇಕು. ವಿದ್ಯಾರ್ಥಿಗೆ ಆದಾಯ ಇಲ್ಲ, ಹಾಗಾಗಿ ಅಪ್ಪನ ಸ್ಪಾನ್ಸರ್ ಪತ್ರ. ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತ ಎಲ್ಲಿದ್ದರೂ ಅಮ್ಮನ ನಂಬರ್. ಹೋಟೆಲ್ ಬಿಲ್ಲಿನಲ್ಲಿ 'ಒಂದು ಡಬಲ್ ಬೆಡ್' ಅಂತ ಇದ್ದರೆ ಅದು ಮನೆಯ ಇಮೇಲಿಗೇ ಬರುತ್ತೆ. ಹೊರದೇಶದಲ್ಲಿ ಏನಾದರೂ ಕೇಸ್ ಆದರೆ, ಭಾರತದ ರಾಯಭಾರ ಕಚೇರಿಗೆ ತಿಳಿಸಿ ಅಂತ ಕೇಳೋ ಹಕ್ಕು 1963ರ ವಿಯೆನ್ನಾ ಒಪ್ಪಂದದಲ್ಲಿ ಇದೆ. ಅವರು ವಕೀಲರ ಪಟ್ಟಿ ಕೊಡಬಹುದು, ಭೇಟಿ ಮಾಡಬಹುದು, ಅಲ್ಲಿನ ಕಾನೂನಿನಿಂದ ಬಿಡಿಸೋಕೆ ಆಗಲ್ಲ. ಅಷ್ಟೊತ್ತಿಗೆ ಮನೆಗೆ ಫೋನ್ ಹೋಗಿರುತ್ತೆ. ನಮ್ಮಂಥವರಿಗೆ ಜೈಲಿಗಿಂತ ಆ ಫೋನಿನ ಭಯವೇ ಜಾಸ್ತಿ ಅಂದ್ರೆ ಕೆಲವರು ನಗಬಹುದು, ಆದರೆ ಅದು ನಿಜ.

ಟ್ರಾವೆಲ್ ಏಜೆಂಟುಗಳ ಕಥೆಯೂ ಅಷ್ಟೇ. ನಮಗೆ ಗೊತ್ತಿರೋ ಇಬ್ಬರು ಒಂದು ಏಜೆನ್ಸಿಯಲ್ಲಿ ಡಬಲ್ ಬೆಡ್ ರೂಮ್ ಕೇಳಿದಾಗ, "ಟ್ವಿನ್ ಬೆಡ್ ಹಾಕ್ತೀನಿ ಬಿಡಿ ಸಾರ್, ಇಬ್ಬರೂ ಆರಾಮಾಗಿ ಮಲಗಬಹುದು" ಅಂತ ಉತ್ತರ ಬಂತಂತೆ. ಆತ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಅವರೂ ಥ್ಯಾಂಕ್ಸ್ ಹೇಳಿ ಬಂದರು.

ಹಾಗಾದರೆ ಏನು ಮಾಡೋದು? ನಮ್ಮ ಗುಂಪಿನಲ್ಲಿ ನಾವು ಮಾಡಿಕೊಂಡಿರೋ ಪದ್ಧತಿ ಹೇಳ್ತೀವಿ.

ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಯಾವುದೇ ದೇಶದ ಹೆಸರು ಪೋಲಿಗೆ ಹೋಗೋ ಮುಂಚೆ ಅಲ್ಲಿನ ಕಾನೂನನ್ನು ಒಬ್ಬರು ನೋಡಿ, ಟಿಕೆಟ್ ರೇಟಿನ ಪಕ್ಕದಲ್ಲೇ ಒಂದು ಸಾಲು ಬರೀತಾರೆ. ಪ್ರತಿ ಸಲ, ಯಾರೂ ಕೇಳದೆ. ಯಾಕಂದ್ರೆ ಕೇಳಬೇಕಾದವರೇ ಕೇಳೋ ಹಾಗಾದರೆ, ಆ ಪ್ರಶ್ನೆಯೇ ಅವರ ಗುಟ್ಟು ಬಿಟ್ಟುಕೊಡುತ್ತೆ. "ದುಬೈ ಯಾಕೆ ಬೇಡ?" ಅಂತ ಹತ್ತು ಜನ ಕೇಳಿದಾಗ "ಸುಮ್ನೆ, ಬಿಸಿಲು ಜಾಸ್ತಿ" ಅಂತ ಸುಳ್ಳು ಹೇಳೋ ಪಾಡು ಯಾರಿಗೂ ಬರಬಾರದು.

ಎರಡನೆಯದು, ಮಧ್ಯದಲ್ಲಿ ವಿಮಾನ ಬದಲಾಯಿಸೋ ಊರನ್ನೂ ನೋಡಬೇಕು. ಬೆಂಗಳೂರಿನಿಂದ ಯುರೋಪಿಗೆ ಹೋಗೋ ಎಷ್ಟೋ ಟಿಕೆಟ್‌ಗಳು ದುಬೈ ಅಥವಾ ದೋಹಾ ಮೂಲಕ ಹೋಗ್ತವೆ. ವಿಮಾನ ರದ್ದಾಗಿ ಒಂದು ರಾತ್ರಿ ಉಳಿಯಬೇಕಾದರೆ ಅಲ್ಲಿನ ಕಾನೂನೇ ಕಾನೂನು. ಡೇಟಿಂಗ್ ಆ್ಯಪ್, ಚಾಟ್, ಫೋಟೋಗಳನ್ನು ಹೊರಡೋ ಮುಂಚೆಯೇ ಫೋನಿನಿಂದ ತೆಗೆದಿಡೋದು ಒಳ್ಳೇದು.

ಮೂರನೆಯದು, ಎಲ್ಲವೂ ಗೊತ್ತಿರೋ ಒಬ್ಬರು ಊರಲ್ಲಿ ಇರಬೇಕು: ಯಾರ ಜೊತೆ, ಯಾವ ಹೋಟೆಲು, ಇನ್ಶೂರೆನ್ಸ್ ನಂಬರ್ ಎಷ್ಟು. ಮನೆಗೆ ಏನು ಹೇಳಬೇಕು, ಏನು ಹೇಳಬಾರದು ಅನ್ನೋದು ಅವರಿಗೆ ಮೊದಲೇ ಗೊತ್ತಿರಬೇಕು. ಕೆಲಸಕ್ಕೆ ಸೇರಿದ ಸೀನಿಯರ್‌ಗಳಿಗೆ ಇನ್ನೊಂದು ವಿಷಯ: 2024ರ ಆಗಸ್ಟಿನಲ್ಲಿ ಹಣಕಾಸು ಸಚಿವಾಲಯ, ಸಲಿಂಗಿ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯೋಕೂ ಸಂಗಾತಿಯನ್ನು ನಾಮಿನಿ ಮಾಡೋಕೂ ಅಡ್ಡಿ ಇಲ್ಲ ಅಂತ ಸ್ಪಷ್ಟ ಮಾಡಿದೆ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಟ್ರಿಪ್ ದುಡ್ಡಿಗೆ ಒಂದು ಖಾತೆ ಇರೋದು ಎಷ್ಟೋ ಸುಳ್ಳುಗಳನ್ನು ಉಳಿಸುತ್ತೆ.

ನಾಲ್ಕನೆಯದು ಫೋಟೋ. ಕೇಳದೆ ಯಾರನ್ನೂ ಟ್ಯಾಗ್ ಮಾಡಬಾರದು. ನಮಗೆ ಅದು ಇನ್‌ಸ್ಟಾ ಸ್ಟೋರಿ, ಅವರ ಚಿಕ್ಕಮ್ಮನಿಗೆ ಅದು ಸಾಕ್ಷಿ.

ಕೊನೆಯದು ಎಲ್ಲರಿಗೂ ಅನ್ವಯಿಸುತ್ತೆ, ಸಲಿಂಗಿಗಳಲ್ಲದವರಿಗೂ. ನಮ್ಮೂರಲ್ಲಿ ಇಬ್ಬರು ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡು, ಕೈ ಕೈ ಹಿಡಿದು ನಡೆದರೆ ಅದು ದೋಸ್ತಿ, ಯಾರೂ ತಿರುಗಿ ನೋಡಲ್ಲ. ಬೇರೆ ದೇಶದಲ್ಲಿ ಅದನ್ನೇ ಬೇರೆ ಥರ ಓದಬಹುದು. ಆಗ ಅವರಿಗೆ ಆಗೋ ಭಯ ಏನು ಅಂತ ಉಳಿದವರಿಗೂ ಸ್ವಲ್ಪ ಗೊತ್ತಾಗುತ್ತೆ.

ಟ್ರಾನ್ಸ್ ಗೆಳೆಯರ ಪ್ರಯಾಣದ ಕಷ್ಟಗಳು ಇನ್ನೂ ಬೇರೆ. ಪಾಸ್‌ಪೋರ್ಟಿನ ಫೋಟೋ, ಲಿಂಗದ ಕಾಲಂ, ಸೆಕ್ಯುರಿಟಿ ತಪಾಸಣೆ ಎಲ್ಲವೂ ಅಲ್ಲಿ ಪ್ರಶ್ನೆಯೇ. ಅದನ್ನು ಅನುಭವಿಸಿದವರೇ ಬರೆಯಬೇಕು, ನಮ್ಮ ಪತ್ರಿಕೆಯಲ್ಲಿ ಅದಕ್ಕೆ ಜಾಗ ಇರಲಿ.

ಈ ರಜೆಗೆ ನಿಮ್ಮ ಗ್ರೂಪಿನಲ್ಲೂ ಪೋಲ್ ಬರುತ್ತೆ. "ನಮ್ಮ ಗ್ರೂಪಿನಲ್ಲಿ ಅಂಥವರು ಯಾರೂ ಇಲ್ಲ" ಅಂತ ನಿಮಗೆ ಅನ್ನಿಸಿದರೆ, ಇಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಒಂದು ಸಾಲು ಸೇರಿಸೋಕೆ ಐದು ನಿಮಿಷ ಸಾಕು. ಆ ಸಾಲು ಓದಿ ಯಾರೋ ಒಬ್ಬರು, ಯಾರಿಗೂ ಏನೂ ಹೇಳದೆ, ಈ ಸಲ ನಾನೂ ಬರ್ತೀನಿ ಅಂತ ವೋಟ್ ಒತ್ತಬಹುದು.