ಕಳುಹಿಸಿದ ಸರಕಿನ ದಾಖಲೆಯು ನಮ್ಮಲ್ಲಿಯೂ ಇರತಕ್ಕದ್ದು

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಭೂಮಾಲೀಕರು ಅಡಿಕೆ, ತೆಂಗಿನಕಾಯಿಗಳನ್ನು ಲಾರಿಗಳಲ್ಲಿ ದೂರದ ಪೇಟೆಗಳಿಗೆ ಕಳುಹಿಸುವುದು ಸರ್ವವಿದಿತವಾದ ಸಂಗತಿಯು. ಸಾಗಣೆ ಕಂಪೆನಿಯ ಜಾಲತಾಣದಲ್ಲಿ ರಸೀತಿಯ ನಂಬರನ್ನು ಕೊಟ್ಟರೆ ಸರಕು ಯಾವ ಊರನ್ನು ಯಾವಾಗ ದಾಟಿತೆಂಬುದು ಇಂದು ಕುಳಿತಲ್ಲಿಯೇ ತಿಳಿಯುತ್ತದೆ. ಅನುಕೂಲವು ದೊಡ್ಡದೇ. ಆದರೆ ಆ ದಾಖಲೆಯು ಕಂಪೆನಿಯ ಕೈಯಲ್ಲಿರುವುದೇ ಹೊರತು ನಮ್ಮ ಕೈಯಲ್ಲಿಲ್ಲ. ಕೆಲವು ತಿಂಗಳು ಕಳೆದರೆ ಅನೇಕ ಜಾಲತಾಣಗಳಲ್ಲಿ ಅದು ಕಾಣಸಿಗುವುದೇ ಇಲ್ಲ.

ತಕರಾರು ಹುಟ್ಟುವುದಾದರೋ ಆ ಮೇಲೆಯೇ. ಮಳೆಗಾಲದಲ್ಲಿ ಲಾರಿಯು ಬಾಳೆಬರೆ ಘಾಟಿಯಲ್ಲಿ ನಿಂತು, ಮೂಟೆ ನೆನೆದು, ಅಡಿಕೆಗೆ ಬೂಷ್ಟು ಹಿಡಿಯಿತೆನ್ನೋಣ. 2007ರ ರಸ್ತೆ ಸಾಗಣೆ ಕಾಯಿದೆಯ ಮೇರೆಗೆ, ನಷ್ಟಕ್ಕಾಗಿ ದಾವೆ ಹೂಡುವವನು ಸರಕನ್ನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಟ್ಟಿರಬೇಕು. ದಾವೆಯು ವರ್ಷಗಟ್ಟಲೆ ಎಳೆಯುವುದುಂಟು. ಅಷ್ಟರಲ್ಲಿ ಲಾರಿ ಎಲ್ಲಿ ಎಷ್ಟು ದಿನ ನಿಂತಿತೆಂಬ ಲೆಕ್ಕವು ಎದುರಾಳಿಯ ಬಳಿ ಮಾತ್ರ ಉಳಿದರೆ ನ್ಯಾಯ ಕೇಳುವ ಬಗೆ ಹೇಗೆ? 16, 17ನೆಯ ಶತಮಾನಗಳಲ್ಲಿ ನಮ್ಮ ಬಸರೂರಿನಿಂದ ಹಡಗೇರಿದ ಅಕ್ಕಿಯ ವಿವರವನ್ನು ಸಹ ನಾವು ತಿಳಿಯುವುದು ಬಹುಮಟ್ಟಿಗೆ ಅದನ್ನು ಕೊಂಡ ಪೋರ್ಚುಗೀಸರ ಕಾಗದಪತ್ರಗಳಿಂದಲೇ.

ಆದಕಾರಣ ಗ್ರಾಮದ ಸಹಕಾರಿ ಸಂಘವು ವಾರಕ್ಕೊಮ್ಮೆ ಈ ವಿವರವನ್ನು ಕಡತವಾಗಿ ಇಳಿಸಿಕೊಂಡು ತನ್ನದೇ ಡೇಟಾಬೇಸಿನಲ್ಲಿ ಸೇರಿಸತಕ್ಕದ್ದೆಂದು ನನ್ನ ಅಭಿಪ್ರಾಯವು. ತಿಂಗಳಿಗೊಮ್ಮೆ ಸಾಕೆನ್ನುವವರಿದ್ದಾರೆ, ಅದು ನನಗೆ ಒಪ್ಪಿಗೆಯಲ್ಲ. ರಿಲೇಷನಲ್ ಡೇಟಾಬೇಸೆಂಬ ಹೆಸರಿಗೆ ಬೆದರಬೇಕಾದುದಿಲ್ಲ. ಸರ್ವೆ ನಂಬರೊಂದರಿಂದ ಪಹಣಿಯೂ ನಕ್ಷೆಯೂ ಒಂದಕ್ಕೊಂದು ಹೊಂದುವಂತೆ, ಇಲ್ಲಿ ರಸೀತಿಯ ನಂಬರಿನಿಂದ ಎರಡು ಕೋಷ್ಟಕಗಳು ಹೊಂದುತ್ತವೆ: ಒಂದರಲ್ಲಿ ಕಳುಹಿಸಿದವರ ಹೆಸರು, ಸರಕು, ತೂಕ, ಇನ್ನೊಂದರಲ್ಲಿ ಅದು ತಲಪಿದ ಸ್ಥಳ ಮತ್ತು ವೇಳೆ. ಎಸ್‌ಕ್ಯೂಲೈಟ್ ಎಂಬ ತಂತ್ರಾಂಶವು ಇದಕ್ಕೆ ಸಾಕು. ಅದಕ್ಕೆ ಕ್ರಯವಿಲ್ಲ, ಇಡೀ ಡೇಟಾಬೇಸು ಒಂದೇ ಕಡತದಲ್ಲಿ ಅಡಗುತ್ತದೆ.

ಗುಮಾಸ್ತರು ಲಕ್ಷ್ಯವಿಡಬೇಕಾದ ಸೂಕ್ಷ್ಮಗಳು ಕೆಲವಿವೆ. ರಸೀತಿಯ ನಂಬರನ್ನು ಅಂಕಿಯೆಂದಲ್ಲ, ಅಕ್ಷರವೆಂದೇ ದಾಖಲಿಸಬೇಕು. ಇಲ್ಲವಾದರೆ ಮೊದಲಿನ ಸೊನ್ನೆಗಳು ಅಳಿದುಹೋಗುವುವು. ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರಂತೂ 15ಕ್ಕಿಂತ ಉದ್ದದ ನಂಬರಿನ ಕೊನೆಯ ಅಂಕಿಗಳೇ ಸೊನ್ನೆಯಾಗುವ ಅಪಾಯವಿದೆ. ಅದೇ ನಂಬರು, ಸ್ಥಳ, ವೇಳೆಗಳುಳ್ಳ ಸಾಲು ಎರಡನೆಯ ಸಲ ಬಂದರೆ ಸೇರದಂತೆ ಮೊದಲೇ ನಿಯಮಿಸಿಡಬೇಕು. ಇಳಿಸಿಕೊಂಡ ಮೂಲ ಕಡತವನ್ನು ತಿದ್ದದೆ ಹಾಗೆಯೇ ಕಾಪಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ ಇಂಥ ದಾಖಲೆಯೊಡನೆ ಪ್ರಮಾಣಪತ್ರವನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕಾಗುವುದು.

ಪ್ರತಿಯೊಂದನ್ನು ಬೇರೆ ಊರಿನಲ್ಲಿಡುವುದು ಕ್ಷೇಮ. ಮಳೆಗಾಲಕ್ಕೆ ಮುಂಚೆ ಆ ಪ್ರತಿಯನ್ನು ಮತ್ತೊಂದು ಕಂಪ್ಯೂಟರಿನಲ್ಲಿ ತೆರೆಯಿಸಿ, ತಮ್ಮದೇ ಒಂದು ರಸೀತಿಯ ಪ್ರಯಾಣವನ್ನು ಓದಿ ಹೇಳುವಂತೆ ಗುಮಾಸ್ತರನ್ನು ಕೇಳಲು ಗ್ರಾಮದ ಮುಖಂಡರು ಸಂಕೋಚಪಡಬಾರದು.