ತಲೆ ತಗ್ಗಿಸಿದ್ದೇ ತಪ್ಪೇ?

2003ರ ಜೂನ್ 7, ಅನಾಹೈಮ್. ಐಸ್ ಹಾಕಿಯ ಸ್ಟ್ಯಾನ್ಲಿ ಕಪ್ ಫೈನಲ್‌ನ ಆರನೇ ಪಂದ್ಯ. ಆತಿಥೇಯ ತಂಡದ ಪಾಲ್ ಕಾರಿಯಾ, ಆಟದ ರಬ್ಬರ್ ಬಿಲ್ಲೆಯಾದ ಪಕ್ಕನ್ನು ಜೊತೆಗಾರನಿಗೆ ದಾಟಿಸಿ ಆಗಿತ್ತು. ಆಮೇಲೆ ಬಂತು ನ್ಯೂಜೆರ್ಸಿ ಡೆವಿಲ್ಸ್ ನಾಯಕ ಸ್ಕಾಟ್ ಸ್ಟೀವನ್ಸ್‌ನ ಭುಜ. ಕಾರಿಯಾ ಮಂಜುಗಡ್ಡೆಯ ಮೇಲೆ ಅಂಗಾತ ಬಿದ್ದವನು ಅಲುಗಾಡಲಿಲ್ಲ. ಕ್ಯಾಮೆರಾ ಹತ್ತಿರ ಹೋದಾಗ, ಮುಖದ ಮುಂದಿನ ವೈಸರ್ ಮೇಲೆ ತಟ್ಟನೆ ಉಸಿರಿನ ಆವಿ ಕಟ್ಟಿತು. ಸ್ಟೀವನ್ಸ್‌ಗೆ ದಂಡನೆಯಿಲ್ಲ. ಕಾರಿಯಾ ಅದೇ ಪಂದ್ಯಕ್ಕೆ ಮರಳಿ ಗೋಲನ್ನೂ ಹೊಡೆದ. ಜನ ಆ ಗೋಲನ್ನು ಕೊಂಡಾಡಿದರು. ನನ್ನ ಕಣ್ಣಿಗೆ ಕಟ್ಟಿರುವುದು ಆ ಆವಿ.

ಹಾಕಿ ಅಂದೊಡನೆ ಕೊಡಗು ನೆನಪಾಗುವ ನಮಗೆ ಇದು ಬೇರೆಯದೇ ಲೋಕ. ನಮ್ಮ ಹಾಕಿಯಲ್ಲಿ ಮೈಮೇಲೆ ಬಿದ್ದರೆ ಫೌಲ್. ಐಸ್ ಹಾಕಿಯಲ್ಲಿ ಪಕ್ ಇಟ್ಟುಕೊಂಡವನನ್ನು ಭುಜದಿಂದ ಗುದ್ದಿ ಉರುಳಿಸುವುದು ಕಲಿಯಬೇಕಾದ ವಿದ್ಯೆ. ಆ ವಿದ್ಯೆಯಲ್ಲಿ ಸ್ಟೀವನ್ಸ್‌ಗೆ ಸರಿಸಾಟಿ ಕಡಿಮೆ. ಹಾಗೆಂದು ಆತ ಬರೀ ಗೂಳಿಯಲ್ಲ. 22 ಋತುಗಳಲ್ಲಿ 1,635 ಪಂದ್ಯ, 908 ಅಂಕ, ಮೂರು ಸ್ಟ್ಯಾನ್ಲಿ ಕಪ್. ಪ್ರಾಯದಲ್ಲಿ ಜಗಳಗಂಟನಾಗಿದ್ದವನು ಬರಬರುತ್ತಾ ಮುಷ್ಟಿ ಬಿಟ್ಟು ಭುಜವನ್ನೇ ನಂಬಿದ. 2000ದ ಮೇ 26ರಂದು ಫಿಲಡೆಲ್ಫಿಯಾದಲ್ಲಿ ಅಲ್ಲಿನ ತಂಡದ ಎರಿಕ್ ಲಿಂಡ್ರೋಸ್‌ನನ್ನು ಕೆಡವಿದ್ದೂ ಅದೇ ಭುಜ. ಹಿಂದಿನ ಪೆಟ್ಟಿನಿಂದ ಚೇತರಿಸಿಕೊಂಡು ಲಿಂಡ್ರೋಸ್ ಮರಳಿದ ಎರಡನೇ ಪಂದ್ಯ ಅದು. ಅಂದೂ ದಂಡನೆಯಿಲ್ಲ. ಆ ವರ್ಷದ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಸ್ಟೀವನ್ಸ್‌ಗೇ ಸಂದಿತು.

ಸ್ಟೀವನ್ಸ್ ಪರ ವಾದಿಸುವವರ ಮೊದಲ ಮಾತು: ಲಿಂಡ್ರೋಸ್ ತಲೆ ತಗ್ಗಿಸಿಕೊಂಡು ಬಂದದ್ದೇಕೆ? ನಮ್ಮ ರಸ್ತೆಯಲ್ಲಿ ಗುದ್ದಿದವನೇ ಬಿದ್ದವನಿಗೆ ‘ಕಣ್ಣು ಕಾಣಲ್ವಾ’ ಎಂದು ದಬಾಯಿಸುವಂತಿದೆ ಇದು. ಪಕ್ ಇರುವುದು ಕಾಲ ಬುಡದಲ್ಲಿ. ಅದನ್ನು ನೋಡಲು ತಲೆ ಬಗ್ಗಲೇಬೇಕು. ಆಟವೇ ಬೇಡುವ ಭಂಗಿಯನ್ನು ಅಪರಾಧ ಮಾಡಿದರೆ ಹೇಗೆ? ಎರಡನೇ ಮಾತಿಗೆ ತೂಕವಿದೆ: ನಿಯಮ ಒಪ್ಪಿದ್ದನ್ನಷ್ಟೇ ಆತ ಮಾಡಿದ. ನಿಜ. ಅದಕ್ಕೇ ನಾನು ಆತನನ್ನು ಕಟಕಟೆಗೆ ನಿಲ್ಲಿಸುವುದಿಲ್ಲ. ಆದರೆ ನಿಯಮ ಆಕಾಶದಿಂದ ಉದುರಿದ್ದಲ್ಲವಲ್ಲ. ಅದನ್ನು ಬರೆದವರು ಈ ಆಟ ನಡೆಸುವ ಲೀಗಿನವರು; ಅದು ಹಾಗೇ ಇರಲೆಂದು ಟಿಕೆಟ್ ಕೊಂಡು ಕೂಗಿದವರು ಪ್ರೇಕ್ಷಕರು. ಆ ಹೊಡೆತಗಳ ವಿಡಿಯೊವನ್ನು ಹಿಂದೆ ಮುಂದೆ ಓಡಿಸಿ ನೋಡಿದ ನಾನೂ ಅವರಲ್ಲೊಬ್ಬ.

ತಲೆಗೆ ಗುರಿಯಿಟ್ಟು ಪಕ್ಕದಿಂದ ಬಡಿಯುವುದನ್ನು ಲೀಗ್ ನಿಷೇಧಿಸಿದ್ದು 2010ರಲ್ಲಿ, ಬಾಸ್ಟನ್‌ನ ಮಾರ್ಕ್ ಸವಾರ್ಡ್ ಅಂಥದೇ ಪೆಟ್ಟಿಗೆ ನೆಲಕಚ್ಚಿದ ಮೇಲೆ. ನಿಷೇಧ ಬಂದರೆ ಆಟದ ಖದರೇ ಹೋಗುತ್ತದೆ ಎಂದವರಿದ್ದರು. ಆಟ ಇನ್ನೂ ವೇಗವಾಗಿ ನಡೆದಿದೆ, ಭುಜಗಳೂ ಕೆಲಸ ಮಾಡುತ್ತಿವೆ. ಅಂದಮೇಲೆ ಹತ್ತು ವರ್ಷ ಮೊದಲೇ ಇದನ್ನು ತರಬಹುದಿತ್ತು. ತಡವಾದದ್ದಕ್ಕೆ ಕಾರಣ ಅಜ್ಞಾನವಲ್ಲ, ಸಸಾರ.

ಆ ಸಸಾರ ಹೊಡೆದವನನ್ನೂ ಬಿಡಲಿಲ್ಲ. 2003ರ ಪ್ಲೇಆಫ್‌ನಲ್ಲಿ ಪಕ್ಕೊಂದು ಸ್ಟೀವನ್ಸ್‌ನ ತಲೆಗೇ ಬಡಿದಿತ್ತು. ಆದರೂ ಆಡಿ ಕಪ್ ಗೆದ್ದ. ಮರುವರ್ಷದ ಜನವರಿಯಲ್ಲಿ, ಮಿದುಳಿನ ಪೆಟ್ಟಿನ ತೊಂದರೆಗಳಿಂದಲೇ ಆತನ ಆಟ ನಿಂತುಹೋಯಿತು.